ಯುಗಾದಿ ಹೊತ್ತಿಗೆ ಏರೋ ಬಿಲ್ಲು: ಬ್ರಿಟನ್ನಿನ ಮೊಬೈಲ್ ಕಾಂಟ್ರ್ಯಾಕ್ಟ್ ಕಥೆ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಎರಡು ವರ್ಷದ ಫೋನ್ ಕಾಂಟ್ರ್ಯಾಕ್ಟಿಗೆ ಸೈನ್ ಹಾಕ್ದಾಗ, ತಿಂಗಳಿಗೆ ಇಷ್ಟು ಅಂದ್ರೆ ಎರಡು ವರ್ಷಾನೂ ಇಷ್ಟೇ ಅಂದ್ಕೊಂಡಿದ್ದೆ. ಫೆಬ್ರವರಿಯಲ್ಲಿ ಒಂದು ಮೆಸೇಜ್ ಬಂತು, ಏಪ್ರಿಲ್‌ನಿಂದ ನಿಮ್ಮ ಬಿಲ್ ಏರತ್ತೆ, ನೀವೇನೂ ಮಾಡಬೇಕಾಗಿಲ್ಲ ಅಂತ. ಮಾಡೋಕೆ ಏನಾದ್ರೂ ಇದ್ರೆ ತಾನೆ! ನಮ್ಮೂರಲ್ಲಿ ಬಹುತೇಕ ಎಲ್ರದ್ದೂ ಪ್ರೀಪೇಯ್ಡ್, 2024ರ ಜುಲೈನಲ್ಲಿ ರೀಚಾರ್ಜ್ ರೇಟ್ ಏರಿಸಿದಾಗ ಜನ ಬೈಕೊಂಡು ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆಗಿದ್ದು ನೆನಪಿರಬೇಕು. ಇಲ್ಲಿ ಹಾಗಲ್ಲ, ಮಧ್ಯದಲ್ಲಿ ಬಿಟ್ಟು ಹೋಗ್ತೀನಿ ಅಂದ್ರೆ ಉಳಿದ ತಿಂಗಳುಗಳ ದುಡ್ಡು ಹೆಚ್ಚುಕಮ್ಮಿ ಪೂರ್ತಿ ಎಣಿಸಿ ಇಟ್ಟು ಹೋಗ್ಬೇಕು. ಊರಲ್ಲಿ ಬೇವು ಬೆಲ್ಲ ಹಂಚೋ ಹೊತ್ತಿಗೆ ಇಲ್ಲಿ ಬರೀ ಬೇವು.

ಈ ಜಗಳ ಇವತ್ತಿಂದಲ್ಲ. 2012-13ರ ಹೊತ್ತಿಗೇ ಕಂಪನಿಗಳು ಕಾಂಟ್ರ್ಯಾಕ್ಟ್ ನಡುವೆ ರೇಟ್ ಏರಿಸ್ತಿದ್ವು, ಫಿಕ್ಸೆಡ್ ಅಂತ ನಂಬಿ ತಗೊಂಡವರಿಗೆ ಉರಿದು ಹೋಗಿತ್ತು, ಗ್ರಾಹಕರ ಪರ ಕೆಲಸ ಮಾಡೋ 'ವಿಚ್?' ಅನ್ನೋ ಸಂಸ್ಥೆ ಫಿಕ್ಸೆಡ್ ಅಂದ್ರೆ ಫಿಕ್ಸೆಡ್ಡೇ ಆಗಿರಬೇಕು ಅಂತ ಅಭಿಯಾನಾನೇ ಶುರು ಮಾಡ್ತು. ನಮ್ಮಲ್ಲಿ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡೋ ಟ್ರಾಯ್ ಇದ್ದ ಹಾಗೆ ಇಲ್ಲಿ ಆಫ್‌ಕಾಮ್. ಅದು 2014ರ ಜನವರಿ 23ರಿಂದ ಹೊಸ ಕಾಂಟ್ರ್ಯಾಕ್ಟುಗಳಿಗೆ ಒಂದು ಮಾತು ಹೇಳ್ತು: ಒಪ್ಪಿದ ರೇಟಿಗಿಂತ ಜಾಸ್ತಿ ಮಾಡಿದ್ರೆ ಗ್ರಾಹಕ ದಂಡ ಕಟ್ಟದೆ ಹೊರಗೆ ಹೋಗಬಹುದು. 'ಒಪ್ಪಿದ ರೇಟು', ಅಲ್ಲೇ ಇತ್ತು ತೂತು. ಪ್ರತಿ ವರ್ಷ ಹಣದುಬ್ಬರದಷ್ಟು ಏರಿಸ್ತೀವಿ ಅಂತ ಮೊದಲೇ ಕಾಂಟ್ರ್ಯಾಕ್ಟಲ್ಲಿ ಬರೆದುಬಿಟ್ರೆ, ನೀವು ಅದನ್ನ ಓದದೇ ಇದ್ರೂ, ಒಪ್ಪಿದ ಹಾಗೇ ಲೆಕ್ಕ. ಚಾಪೆ ಕೆಳಗೆ ತೂರಿದ್ರೆ ರಂಗೋಲಿ ಕೆಳಗೆ ತೂರೋದು ಅಂತಾರಲ್ಲ, ಹಾಗೆ.

ಹಣದುಬ್ಬರ ಶೇ. 1, 2 ಅಂತ ಇದ್ದ ಕಾಲದಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಆಟ ಬದಲಾಗಿದ್ದು 2021ರ ಆಸುಪಾಸಲ್ಲಿ. ಇಲ್ಲಿನ ದೊಡ್ಡ ಟೆಲಿಕಾಂ ಕಂಪನಿ ಬಿಟಿ ಮತ್ತೆ ಅದರದ್ದೇ ಕಂಪನಿ ಇಇ, ಡಿಸೆಂಬರ್ ತಿಂಗಳ ಸಿಪಿಐ (ಗ್ರಾಹಕ ಬೆಲೆ ಸೂಚ್ಯಂಕ) ಹಣದುಬ್ಬರ ಎಷ್ಟಿರತ್ತೋ ಅಷ್ಟು, ಅದರ ಮೇಲೆ ಶೇ. 3.9 ಅನ್ನೋ ಸೂತ್ರ ತಂದ್ವು, ಆಮೇಲೆ ಒಂದೊಂದಾಗಿ ಉಳಿದವೂ ಅದೇ ದಾರಿ ಹಿಡಿದ್ವು. ಓಟೂ ಕಂಪನಿ ಮಾತ್ರ ಸಿಪಿಐ ಬಿಟ್ಟು ಆರ್‌ಪಿಐ ಅನ್ನೋ ಚಿಲ್ಲರೆ ಬೆಲೆ ಸೂಚ್ಯಂಕ ಹಿಡ್ಕೊಳ್ತು, ಅದು ಸಾಮಾನ್ಯವಾಗಿ ಸಿಪಿಐಗಿಂತ ಜಾಸ್ತಿನೇ ಬರೋ ಲೆಕ್ಕ, 2013ರಲ್ಲೇ ರಾಷ್ಟ್ರೀಯ ಅಂಕಿಅಂಶದ ಮಾನ್ಯತೆ ಕಳಕೊಂಡಿದ್ದ ಸೂಚ್ಯಂಕ! ನೆಟ್‌ವರ್ಕ್ ಬೆಳೆಸೋಕೆ ದುಡ್ಡು ಬೇಕು, ಜನ ಡೇಟಾ ಜಾಸ್ತಿ ಉಜ್ತಿದ್ದಾರೆ ಅಂತ ಕಂಪನಿಗಳು ಸಮಜಾಯಿಷಿ ಕೊಟ್ವು. ಸರಿ, ಒಪ್ಪೋಣ, ಆದ್ರೆ ಅದಕ್ಕೆ ಸರಿಯಾಗಿ 3.9ಏ ಯಾಕೆ ಬೇಕು ಅಂತ ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ.

ಆಮೇಲೆ ಉಕ್ರೇನ್ ಯುದ್ಧ, ಗ್ಯಾಸು ಕರೆಂಟು ಎಲ್ಲ ಆಕಾಶಕ್ಕೆ ಹೋಯ್ತು, 2022ರ ಡಿಸೆಂಬರಲ್ಲಿ ಸಿಪಿಐ ಶೇ. 10.5. ಅದಕ್ಕೆ 3.9 ಸೇರಿಸಿ, 2023ರ ಏಪ್ರಿಲಲ್ಲಿ ಒಂದೇ ಏಟಿಗೆ ಶೇ. 14.4 ಏರಿಕೆ. ಓಟೂ ಗ್ರಾಹಕರಿಗೆ ಶೇ. 17.3, ಪುಣ್ಯಕ್ಕೆ ಅವರಲ್ಲಿ ಹ್ಯಾಂಡ್‌ಸೆಟ್ ಕಂತು ಬೇರೆ ಇರೋದ್ರಿಂದ ಕರೆ ಡೇಟಾ ಭಾಗಕ್ಕಷ್ಟೇ. 2021ರ ಬೇಸಿಗೇಲಿ ಸಿಪಿಐ ಸೂತ್ರದ ಕಂಪನಿಯಲ್ಲಿ 25 ಪೌಂಡಿನ ಪ್ಲ್ಯಾನ್ ತಗೊಂಡವರ ಲೆಕ್ಕ ಹಾಕಿ ನೋಡಿ: ಮುಂದಿನ ಏಪ್ರಿಲ್‌ಗೆ ಶೇ. 9.3 ಏರಿ 27 ಪೌಂಡ್ ಚಿಲ್ರೆ, ಅದರ ಮುಂದಿನ ಏಪ್ರಿಲ್‌ಗೆ 31 ಪೌಂಡ್ 26 ಪೆನ್ಸ್. ಅದೇ ಫೋನು, ಅದೇ ಸಿಗ್ನಲ್ಲು, ಲಿಫ್ಟಲ್ಲಿ ಹೋದ್ರೆ ಕಟ್ ಆಗೋದೂ ಅದೇ.

ಆ ವರ್ಷ ಜನರ ಸಿಟ್ಟು ಜೋರಾಗಿಯೇ ಇತ್ತು. ಹಣದುಬ್ಬರ ಮುಂದೆ ಎಷ್ಟಾಗತ್ತೆ ಅಂತ ಬ್ಯಾಂಕ್ ಆಫ್ ಇಂಗ್ಲೆಂಡಿಗೇ ಸರಿಯಾಗಿ ಹೇಳೋಕಾಗಲ್ಲ, ಅಂಗಡಿಯಲ್ಲಿ ಸಿಮ್ ತಗೊಳ್ಳೋನು ಎಲ್ಲಿಂದ ಹೇಳ್ತಾನೆ ಅನ್ನೋದೇ ವಾದ. ಆಫ್‌ಕಾಮ್ 2023ರ ಡಿಸೆಂಬರಲ್ಲಿ ನಿಷೇಧದ ಪ್ರಸ್ತಾಪ ಇಟ್ಟು, 2025ರ ಜನವರಿ 17ರಿಂದ ಜಾರಿ ಮಾಡ್ತು. ಹೊಸ ಕಾಂಟ್ರ್ಯಾಕ್ಟುಗಳಲ್ಲಿ ಪರ್ಸೆಂಟೂ ಇಲ್ಲ ಸೂಚ್ಯಂಕಾನೂ ಇಲ್ಲ, ಏರಿಸೋದಿದ್ರೆ ಎಷ್ಟು ಪೌಂಡ್ ಎಷ್ಟು ಪೆನ್ಸ್, ಯಾವಾಗ ಅಂತ ಮೊದಲೇ ಬಾಯಿಬಿಟ್ಟು ಹೇಳ್ಬೇಕು. ಗಮನಿಸಿ, ಏರಿಸಬಾರದು ಅಂತ ಹೇಳಿಲ್ಲ.

ಕಂಪನಿಗಳು ಪ್ರತಿ ವರ್ಷ ತಿಂಗಳ ಬಿಲ್ಲಿಗೆ 1.50 ಪೌಂಡ್, 1.80 ಪೌಂಡ್ ಸೇರಿಸ್ತೀವಿ ಅಂತ ಬರೆದ್ವು. ಸ್ಪಷ್ಟವಾಗಿದೆ, ನಿಜ. ಆದ್ರೆ 40 ಪೌಂಡ್ ಕಟ್ಟೋನಿಗೆ 1.80 ಅಂದ್ರೆ ಶೇ. 4.5, 8 ಪೌಂಡಿನ ಸಿಮ್ ಇಟ್ಕೊಂಡಿರೋ ಸ್ಟೂಡೆಂಟಿಗೋ ಅಜ್ಜಿಗೋ ಅದೇ 1.80 ಅಂದ್ರೆ ಶೇ. 22.5. ಕಮ್ಮಿ ಕಟ್ಟೋರಿಗೇ ಬರೆ ಜಾಸ್ತಿ. ಹಳೇ ಸೂತ್ರದಲ್ಲಿ ಕೆಟ್ಟ ವರ್ಷದಲ್ಲೂ ಇಷ್ಟು ಬರ್ತಿರಲಿಲ್ಲ, ಇದು ಯಾಕೋ ಆಫ್‌ಕಾಮ್‌ನೋರ ಲೆಕ್ಕಕ್ಕೆ ಸಿಕ್ಕಿಲ್ಲ ಅನ್ಸತ್ತೆ, ಇಲ್ಲಾ ಸಿಕ್ಕೂ ಬಿಟ್ಟಿದಾರೆ.

ಇದರಲ್ಲೂ ಇನ್ನೊಂದು ತೂತು ಇತ್ತು. 2025ರ ಅಕ್ಟೋಬರಲ್ಲಿ ಓಟೂ, ಮೊದಲು ಹೇಳಿದ್ದ 1.80 ಬದಲು ಮುಂದಿನ ಏಪ್ರಿಲ್‌ನಿಂದ 2.50 ಪೌಂಡ್ ಏರಿಸ್ತೀವಿ ಅಂದುಬಿಡ್ತು. ಬೇಡ ಅನ್ನೋರು 30 ದಿನದೊಳಗೆ ದಂಡ ಇಲ್ಲದೆ ಹೋಗಬಹುದು, ಹಾಗಾಗಿ ನಿಯಮ ಮುರಿದ ಹಾಗೂ ಅಲ್ಲ. ಆದ್ರೆ ಫೋನಿನ ಕಂತು ಬಾಕಿ ಇದ್ರೆ ಅದನ್ನ ಕಟ್ಟಲೇಬೇಕಲ್ಲ. ನಿಯಮದ ಆಶಯಕ್ಕೆ ಇದು ವಿರುದ್ಧ ಅಂತ ಆಫ್‌ಕಾಮ್ ಬೇಸರ ಮಾಡ್ಕೊಳ್ತು, ತಂತ್ರಜ್ಞಾನ ಸಚಿವೆ ಲಿಜ್ ಕೆಂಡಲ್ ಕೂಡ ಗರಂ ಆದ್ರು. ವರ್ಷಕ್ಕೆ ಹೆಚ್ಚಿಗೆ ಬಿದ್ದಿದ್ದು 8 ಪೌಂಡ್ 40 ಪೆನ್ಸ್, ದೊಡ್ಡ ದುಡ್ಡಲ್ಲ, ಆದ್ರೆ ಮೊದಲೇ ಹೇಳಿದ್ದನ್ನ ಆಮೇಲೆ ಬದಲಾಯಿಸೋ ಹಾಗಿದ್ರೆ ಮೊದಲೇ ಹೇಳೋದು ಯಾಕೆ?

ಜನ ಏನ್ ಮಾಡ್ತಿದ್ದಾರೆ ಅಂದ್ರೆ, ಫೋನ್ ಬೇರೆ ಕೊಂಡು ತಿಂಗಳ ಲೆಕ್ಕದ ಸಿಮ್ ಹಾಕ್ಕೊಳ್ತಿದ್ದಾರೆ, ಗಿಫ್‌ಗ್ಯಾಫ್, ಸ್ಮಾರ್ಟಿ, ಲೆಬಾರಾ ಥರದ್ದು. ನಮ್ಮ ಕನ್ನಡದ ಹುಡುಗರಿಗೆ ಲೆಬಾರಾ ಹೊಸದೇನಲ್ಲ, ಊರಿಗೆ ಫೋನ್ ಮಾಡೋಕೆ ಅಂತ ಮೊದಲಿಂದ ಇಟ್ಕೊಂಡಿದ್ದೇ. 2019ರ ಜುಲೈನಿಂದ ಅದೇ ನಂಬರ್ ಇಟ್ಕೊಂಡು ಕಂಪನಿ ಬದಲಾಯಿಸೋದೂ ಸುಲಭ, ಪಿಎಸಿ ಅಂತ ಟೈಪ್ ಮಾಡಿ 65075ಕ್ಕೆ ಕಳಿಸಿದ್ರೆ ಒಂದು ಕೋಡ್ ಬರತ್ತೆ, ಕಂಪನಿಯೋರ ಹತ್ರ ಮಾತೇ ಆಡಬೇಕಾಗಿಲ್ಲ.

ನನ್ನ ಕಾಂಟ್ರ್ಯಾಕ್ಟ್ ಮುಗಿದ ವಾರ ನಾನೂ ಕಳಿಸ್ದೆ. ಅವತ್ತೇ ಸಂಜೆ ಕಾಲ್ ಬಂತು, ನಾನು ಸೇರಿದಾಗ ಕಟ್ತಿದ್ದಕ್ಕಿಂತ ಕಮ್ಮಿ ರೇಟಿಗೆ ಡಬಲ್ ಡೇಟಾ ಕೊಡ್ತೀವಿ ಅಂದ್ರು. ಇದನ್ನ ಆ ಫೆಬ್ರವರಿ ಮೆಸೇಜಲ್ಲಿ ಯಾಕೆ ಹೇಳ್ಲಿಲ್ಲ ಅಂತ ಕೇಳ್ದೆ. ಆ ಹುಡುಗ ಪಾಪ ಒಂದು ಕ್ಷಣ ಸುಮ್ಮನಿದ್ದು, "ಅವಾಗ ನೀವು ಹೊರಟಿರಲಿಲ್ವಲ್ಲ ಸರ್" ಅಂದ.