ಬೋರ್‌ವೆಲ್ ಬಿಲ್ಲು ಇದ್ದರೆ ಒಂದು ಪ್ರಾಜೆಕ್ಟ್ ಇದ್ದಂತೆ

ಬೇಸಿಗೆ ಇಂಟರ್ನ್‌ಶಿಪ್ ಕೇಳಿ ಭೂವಿಜ್ಞಾನದ ಹುಡುಗ ಹುಡುಗಿಯರು ಕಳಿಸುವ ಮೇಲ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ನಿಮ್ಮ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ ಇದೆ ಸರ್." ಯಾವ ಸಂಶೋಧನೆ? ಅದು ಮಾತ್ರ ಇರುವುದಿಲ್ಲ. ಅದೇ ಮೇಲ್ ಇನ್ನೆಷ್ಟು ಜನರಿಗೆ ಹೋಗಿದೆಯೋ! ಬೈಯಲು ಮನಸ್ಸು ಬರುವುದಿಲ್ಲ. ಬೇರೆ ದಾರಿಯನ್ನು ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ಅವಕಾಶಗಳು ಇಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಸುಮಾರು ಎರಡು ತಿಂಗಳ ಕೆಲಸ, ಭೂವಿಜ್ಞಾನಕ್ಕೂ ಜಾಗ ಇದೆ, ಮೇಷ್ಟ್ರುಗಳೂ ಅರ್ಜಿ ಹಾಕಬಹುದು. ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದ್ದೂ ಒಂದು ಫೆಲೋಶಿಪ್ ಇದೆ. ಆದರೆ ಇಂಥ ಅರ್ಜಿಯಲ್ಲಿ ನೀವು ಏನು ಮಾಡಬೇಕು ಅಂತಿದ್ದೀರಿ ಎಂದು ಬರೆಯಬೇಕಾಗುತ್ತದೆ, ಮತ್ತು ನಮ್ಮ ಮಕ್ಕಳು ಎಡವುವುದು ಅಲ್ಲೇ. ಹಿಮಾಲಯ ಹೇಗೆ ಎದ್ದಿತು ಅಂತ ಬರೆಯುತ್ತಾರೆ. ಅವರ ಮನೆ ಇರುವುದು ಗೌರಿಬಿದನೂರಿನಲ್ಲಿ.

ಗೌರಿಬಿದನೂರಿನ ಪ್ರಶ್ನೆ ಯಾವುದು ಅಂತ ಅಲ್ಲಿನ ರೈತರನ್ನೇ ಕೇಳಬೇಕು. ಭೂವಿಜ್ಞಾನದ ಬಗ್ಗೆ ನಾನು ಹಳ್ಳಿಗಳಲ್ಲಿ ಮಾತಾಡಲು ಹೋದಾಗ, ಲಾಲ್‌ಬಾಗ್‌ನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದರೆ ಎಲ್ಲರೂ "ಹೌದಾ!" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳುವುದು ಬೇರೆಯದೇ: "ಸ್ವಾಮಿ, ಪಕ್ಕದ ಹೊಲದವನಿಗೆ ಎರಡಿಂಚು ನೀರು ಬಂತು, ನನ್ನ ಬೋರ್ ಯಾಕೆ ಫೇಲ್ ಆಯ್ತು?" ಇದಕ್ಕಿಂತ ಒಳ್ಳೆ ಸಂಶೋಧನಾ ಪ್ರಶ್ನೆ ನನಗೆ ಗೊತ್ತಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ನೆಲದ ಕೆಳಗೆ ಇರುವುದು ಹೆಚ್ಚಾಗಿ ನೈಸ್ (ಪಟ್ಟೆ ಪಟ್ಟೆಯಾಗಿರುವ ಗಟ್ಟಿ ಕಲ್ಲು) ಮತ್ತು ಗ್ರಾನೈಟ್. ಗಟ್ಟಿ ಬಂಡೆಯ ಒಳಗೆ ನೀರು ನಿಲ್ಲುವುದಿಲ್ಲ. ಅದು ನಿಲ್ಲುವುದು ಎರಡೇ ಕಡೆ: ಮೇಲಿನ ಕೊಳೆತ ಮೆದು ಕಲ್ಲಿನ ಪದರದಲ್ಲಿ, ಮತ್ತೆ ಕೆಳಗಿನ ಬಿರುಕುಗಳಲ್ಲಿ. ಬಿರುಕು ಎಲ್ಲಿದೆ ಅಂತ ಮೇಲಿಂದ ಹೇಳುವುದು ಕಷ್ಟ. ಮೆದು ಪದರ ಎಷ್ಟು ದಪ್ಪ ಇದೆ ಅನ್ನುವುದಕ್ಕೆ ಮಾತ್ರ ಊರ ತುಂಬ ದಾಖಲೆ ಬಿದ್ದಿದೆ, ಯಾರೂ ಒಟ್ಟು ಮಾಡಿಲ್ಲ. ಕೇಸಿಂಗ್ ಪೈಪ್! ಮೇಲಿನ ಮಣ್ಣು, ಮೆದು ಕಲ್ಲು ಕುಸಿಯದಿರಲಿ ಅಂತ ಗಟ್ಟಿ ಬಂಡೆ ಸಿಗುವವರೆಗೆ ಅದನ್ನು ಇಳಿಸುತ್ತಾರೆ, ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿರುವುದರಿಂದ ಎಷ್ಟು ಅಡಿ ಅಂತ ರೈತರಿಗೆ ಹತ್ತು ವರ್ಷ ಆದ ಮೇಲೂ ನೆನಪಿರುತ್ತದೆ, ಇಲ್ಲದಿದ್ದರೆ ಬಿಲ್ಲು ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಒಂದು ಹೋಬಳಿಯ ಬೋರ್‌ವೆಲ್‌ಗಳ ಕೇಸಿಂಗ್ ಅಡಿ, ಒಟ್ಟು ಆಳ, ನೀರು ಬಂದ ಆಳ, ಫೋನಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ, ಇಷ್ಟನ್ನು ಬರೆದುಕೊಂಡು ನಕ್ಷೆಗೆ ಹಾಕಿದರೆ ನೀರು ನಿಲ್ಲುವ ಮೆದು ಪದರ ಎಲ್ಲಿ ದಪ್ಪ ಇದೆ ಅನ್ನುವುದು ಕಣ್ಣಿಗೆ ಕಾಣತೊಡಗುತ್ತದೆ. ಬಂಡೆಗಳ ನಕ್ಷೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಎಚ್ಚರಿಕೆ: ಪೈಪನ್ನು ಗಟ್ಟಿ ಬಂಡೆಯೊಳಗೂ ಸ್ವಲ್ಪ ಇಳಿಸುತ್ತಾರೆ, ಕೆಲವು ಕಡೆ ಬಿಲ್ಲಿಗೋಸ್ಕರ ಜಾಸ್ತಿನೇ ಇಳಿಯುತ್ತದೆ. ಹಾಗಾಗಿ ಒಂದು ಬೋರ್‌ವೆಲ್ ನಂಬಬೇಡಿ. ಅಕ್ಕಪಕ್ಕದ್ದನ್ನೂ ಕೇಳಿ.

ಊರಿಗೆ ರಿಗ್ ಲಾರಿ ಬಂದರಂತೂ ಕ್ಲಾಸಿಗೆ ಚಕ್ಕರ್ ಹಾಕಿಯಾದರೂ ಹೋಗಿ ನಿಲ್ಲಿ (ಪ್ರಿನ್ಸಿಪಾಲರು ಕ್ಷಮಿಸಬೇಕು). ಪ್ರತಿ ರಾಡ್ ಇಳಿದಾಗಲೂ ಹೊರಬರುವ ಪುಡಿಯನ್ನು ಒಂದು ಹಿಡಿ ಕವರ್‌ಗೆ ಹಾಕಿ, ಆಳ ಬರೆಯಿರಿ. ಮೊದಲು ಕೆಂಪು, ಕಂದು. ಆಮೇಲೆ ಬೂದು ಬಣ್ಣ, ತೊಳೆದು ನೋಡಿದರೆ ಬೆಣಚು ಕಲ್ಲಿನ ಹರಳು, ಕಾಗೆಬಂಗಾರದ ಹೊಳಪು. ಬೂದು ಪುಡಿ ಬರುತ್ತಿರುವಾಗ ನಡುವೆ ತುಕ್ಕು ಬಣ್ಣದ ಚೂರು ಬಂದರೆ ಕಣ್ಣಗಲಿಸಿ. ಅಲ್ಲಿ ಬಿರುಕು ಇದೆ, ನೀರು ಓಡಾಡಿದ ಗುರುತು ಅದು. ಕಪ್ಪು ಪುಡಿಯೇ ಬರುತ್ತಿದ್ದರೆ ನೆಲದೊಳಗೆ ಗೋಡೆಯ ಹಾಗೆ ನಿಂತಿರುವ ಕರಿಕಲ್ಲಿಗೆ (ಡೈಕ್) ತಗುಲಿರಬಹುದು. ರಿಗ್ ನಡೆಸುವ ಹುಡುಗರಿಗೆ ಇದೆಲ್ಲ ನಮ್ಮ ಎಷ್ಟೋ ಎಂಎಸ್ಸಿಗಳಿಗಿಂತ ಚೆನ್ನಾಗಿ ಗೊತ್ತು, ಅವರ ಹತ್ತಿರ ಮಾತಾಡಿ.

ತೆಂಗಿನಕಾಯಿ ಹಿಡಿದು ಎಲ್ಲಿ ಕೊರೆಯಬೇಕು ಅಂತ ಪಾಯಿಂಟ್ ಮಾಡುವವರೂ ಅಲ್ಲೇ ಇರುತ್ತಾರೆ. ನಗಬೇಡಿ. ನಕ್ಕರೆ ಆ ಊರಿನಲ್ಲಿ ಇನ್ನು ಯಾರೂ ನಿಮಗೆ ಬಿಲ್ಲು ತೋರಿಸುವುದಿಲ್ಲ. ಅವರು ಮಾಡಿದ ಪಾಯಿಂಟ್‌ಗಳಲ್ಲಿ ಎಷ್ಟು ನೀರು ಬಂತು, ಎಷ್ಟು ಫೇಲ್ ಆಯಿತು ಅನ್ನುವುದನ್ನೂ ಸುಮ್ನೆ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಿ. ವಾದ ಮಾಡುವ ಅಗತ್ಯವೇ ಬರುವುದಿಲ್ಲ.

ಇಂಥ ಒಂದು ಪಟ್ಟಿ, ಕೈಯಲ್ಲೇ ಬರೆದ ನಕ್ಷೆ ಮೇಲ್ ಜೊತೆ ಬಂದರೆ ನಾನಂತೂ ಅವತ್ತೇ ಉತ್ತರ ಬರೆಯುತ್ತೇನೆ, ಅಂಕಪಟ್ಟಿ ಆಮೇಲೆ ನೋಡಿದರಾಯಿತು. ಇನ್ನೊಂದು ಪ್ರತಿ ತೆಗೆದು, ಅದರಲ್ಲಿ ರೈತರ ಹೆಸರು, ಫೋನ್ ನಂಬರ್ ಅಳಿಸಿ, ಗ್ರಾಮ ಪಂಚಾಯಿತಿಗೆ ಕೊಡಿ. ಪಿಡಿಒ ಇಲ್ಲದಿದ್ದರೆ ಗೋಡೆಗೆ ಅಂಟಿಸಿ ಬನ್ನಿ.