ದನಿ ಚೆನ್ನಾಗಿದೆ ಅಂತಾರೆ, ಕೆಲಸ ಬಿಟ್ಟು ವಾಯ್ಸ್ ಓವರ್‌ಗೆ ಇಳಿಯಬಹುದಾ?

ಪ್ರಶ್ನೆ: ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಖಾಸಗಿ ಕಂಪನಿಯಲ್ಲಿ ಕೆಲಸ. ಇಲ್ಲಿನ ಕನ್ನಡ ಕಾರ್ಯಕ್ರಮಗಳಲ್ಲಿ ನಿರೂಪಣೆ ಮಾಡುತ್ತೇನೆ. ಜಾಹೀರಾತಿಗೆ ದನಿ ಕೊಡುವ ವಾಯ್ಸ್ ಓವರ್ ಕೆಲಸ ಟ್ರೈ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಫ್ರೀಲಾನ್ಸ್ ಮಾಡುವಷ್ಟು ತಯಾರಿ ಆಗಿದೆಯಾ ಅಂತ ಹೇಗೆ ತಿಳಿಯುವುದು?

ಉತ್ತರ: ಹೊಗಳಿಕೆಯಿಂದ ತಿಳಿಯುವುದಿಲ್ಲ. ಒಂದು ಸಲ ದುಡ್ಡು ಕೊಟ್ಟು ದನಿ ತಗೊಂಡವರು ಮತ್ತೆ ಫೋನ್ ಮಾಡುತ್ತಾರಾ? ಅದನ್ನು ನೋಡಿ.

ಮುಂಬೈನಲ್ಲಿ ಕನ್ನಡ ದನಿಗೆ ಕೆಲಸ ಇದೆ. ಇಲ್ಲಿ ತಯಾರಾಗುವ ಹಿಂದಿ ಜಾಹೀರಾತುಗಳು ಕನ್ನಡಕ್ಕೂ ಹೋಗುತ್ತವೆ. ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ವಿರೋಧ ಇತ್ತು. ಹಾಗೆ ತಡೆಯುವುದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು. ಆಮೇಲೆ ಆ ಕೆಲಸವೂ ನಿಧಾನಕ್ಕೆ ಬೆಳೆಯಿತು.

ಆದರೆ ಮುಂಬೈ ಕನ್ನಡಿಗರಿಗೆ ನಾನು ಮೊದಲು ಕೇಳುವುದು ಬೇರೆಯದೇ. ಕನ್ನಡ ಸರಾಗವಾಗಿ ಓದಲು ಬರುತ್ತದಾ? ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡಿ, ಮರಾಠಿ ಅಥವಾ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಎಷ್ಟೋ ಮಂದಿಗೆ ಮಾತು ಚೆಂದ, ಓದು ನಿಧಾನ. ಸ್ಟುಡಿಯೋದಲ್ಲಿ ಸ್ಕ್ರಿಪ್ಟ್ ಕೈಗೆ ಬರುವುದೇ ಮೈಕ್ ಮುಂದೆ ನಿಂತ ಮೇಲೆ. '1,499 ರೂಪಾಯಿ ಮಾತ್ರ' ಅಂತ ಇರುತ್ತದೆ. ತಲೆಯೊಳಗೆ ಹಿಂದಿಯ 'ಚೌದಾ ಸೌ' ಓಡುತ್ತಿರುವವರು ಅಲ್ಲಿ ತಡವರಿಸುತ್ತಾರೆ. 'ಸಾವಿರದ ನಾನೂರ ತೊಂಬತ್ತೊಂಬತ್ತು' ಒಂದೇ ಉಸಿರಿಗೆ ಬರಬೇಕು. ಹಣ 'ಅಣ' ಆಗಬಾರದು, ಬೆಳಕು 'ಬೆಲಕು' ಆಗಬಾರದು. ಹಿಂದಿಯ ಅಭ್ಯಾಸದಲ್ಲಿ 'ಸರಳ'ದ ಕೊನೆಯ ಅಕಾರ ನುಂಗಿಹೋಗಬಾರದು. ಇದೆಲ್ಲ ಕಲಿಯಬಹುದಾದದ್ದೇ. ದಿನಾ ಅರ್ಧ ಗಂಟೆ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ.

ಮುಂದಿನದು ರೀಟೇಕ್, ಅಂದರೆ ಅದೇ ಸಾಲನ್ನು ಹೇಳಿದ ಹಾಗೆ ಬದಲಿಸಿ ಮತ್ತೆ ಓದುವುದು. ನನ್ನ ಪ್ರಕಾರ ನಿಜವಾದ ಪರೀಕ್ಷೆ ಇಲ್ಲೇ. 'ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿರುತ್ತವೆ' ಅನ್ನುವ ಸಾಲು ತಗೊಳ್ಳಿ. ಒಮ್ಮೆ ನಿಮ್ಮ ರೀತಿಯಲ್ಲಿ ಓದಿ. ಆಮೇಲೆ ಎರಡು ಸೆಕೆಂಡ್ ಕಡಿಮೆ ಮಾಡಿ, ಒಂದಕ್ಷರವೂ ಜಾರದ ಹಾಗೆ. ಆಮೇಲೆ ಅದೇ ವೇಗದಲ್ಲಿ, ಆದರೆ ಪಕ್ಕದಲ್ಲಿ ಕೂತ ಒಬ್ಬರಿಗೆ ಹೇಳುವ ಹಾಗೆ. ವೇದಿಕೆಯಲ್ಲಿ ಪಳಗಿದವರಿಗೆ ಈ ಕೊನೆಯದು ಕಷ್ಟ. ಸಭಾಂಗಣದ ಕೊನೇ ಸಾಲಿಗೆ ದನಿ ಮುಟ್ಟಿಸಿ ರೂಢಿ, ಮೈಕ್ ಇರುವುದು ಒಂದು ಗೇಣು ದೂರದಲ್ಲಿ. ಜೊತೆಗೆ, ಹಿಂದಿಯಲ್ಲಿ 20 ಸೆಕೆಂಡಿಗೆ ಕೂತ ಮಾತು ಕನ್ನಡದಲ್ಲಿ ಉದ್ದವಾಗುವುದು ಮಾಮೂಲು, ಅದನ್ನೂ ಅಷ್ಟೇ ಹೊತ್ತಿನಲ್ಲಿ ಮುಗಿಸಬೇಕು. 'ಇನ್ನೂ ಸ್ವಲ್ಪ ನಗು ಇರಲಿ, ಆದರೆ ಮಾರಾಟ ಮಾಡಬೇಡಿ' ಅಂತ ನಿರ್ದೇಶಕರು ಎಂಟನೇ ಸಲ ಹೇಳಿದಾಗಲೂ ಮುಖ ಸಪ್ಪೆಯಾಗಬಾರದು, ಅದು ದನಿಯಲ್ಲಿ ಕೇಳಿಸುತ್ತದೆ. ತಿಂಗಳ ನಂತರ ಎರಡು ಪದ ಬದಲಾಯಿತು ಅಂತ ಕರೆದರೆ, ಹಳೆಯ ದನಿಗೆ ಹೊಂದುವ ಹಾಗೆ ಅಷ್ಟನ್ನೇ ಹೇಳಿ ಕೊಡಬೇಕು.

ಮೈಕಿಗೆ ಮೊದಲೇ ದೊಡ್ಡ ದುಡ್ಡು ಹಾಕಬೇಡಿ. ರೈಲ್ವೆ ಲೈನಿನ ಹತ್ತಿರದ ಮನೆಯಲ್ಲಿ ಸಣ್ಣ ಸದ್ದನ್ನೂ ಹಿಡಿಯುವ ಒಳ್ಳೆಯ ಕಂಡೆನ್ಸರ್ ಮೈಕ್ ಇಟ್ಟರೆ ಲೋಕಲ್‌ನ ಹಾರ್ನ್, ಮೇಲಿನ ಮನೆಯ ಕುಕ್ಕರ್ ಸೀಟಿ ಎಲ್ಲವೂ ಸ್ಪಷ್ಟವಾಗಿ ಬರುತ್ತವೆ. ಆಡಿಯೋಬುಕ್ ಕೆಲಸದಲ್ಲಿ ರೆಕಾರ್ಡಿಂಗ್‌ನಲ್ಲಿ ಕೋಣೆಯ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ಅಂದರೆ ಹೆಚ್ಚುಕಡಿಮೆ ಕೇಳಿಸಲೇಬಾರದು ಅಂತ ಕೇಳುವವರಿದ್ದಾರೆ. ಬಟ್ಟೆ ತುಂಬಿದ ಕಪಾಟಿನ ಎದುರು, ಕಿಟಕಿಗೆ ದಪ್ಪ ರಜಾಯಿ ಹಾಕಿ, ಫ್ಯಾನ್ ಆರಿಸಿ, ರಾತ್ರಿ ಹೊತ್ತು ರೆಕಾರ್ಡ್ ಮಾಡಿ ನೋಡಿ. ಮಳೆಗಾಲದಲ್ಲೂ ಒಮ್ಮೆ ಮಾಡಿ, ಶೀಟಿನ ಮೇಲೆ ಬೀಳುವ ಮಳೆಗೆ ಯಾವ ಸಾಫ್ಟ್‌ವೇರೂ ಪೂರ್ತಿ ಪರಿಹಾರವಲ್ಲ.

ಇನ್ನು ದುಡ್ಡು. ಕೆಲಸ ಮುಗಿದ ಎರಡು-ಮೂರು ತಿಂಗಳಿಗೆ ಪೇಮೆಂಟ್ ಬರುವುದು ಇಲ್ಲಿ ಹೊಸದಲ್ಲ. ಕೆಲಸ ಕೊಡಿಸುವ ಕೋಆರ್ಡಿನೇಟರ್ ಇದ್ದರೆ ಅವರ ಕಮಿಷನ್, ಮೇಲೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಆಗುವ ತೆರಿಗೆ ಕಡಿತ. ಕರೆ ಬರುವುದು 'ಇವತ್ತು ನಾಲ್ಕಕ್ಕೆ ಅಂಧೇರಿಗೆ ಬರ್ತೀರಾ' ಅಂತ. ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೋ. ಆಫೀಸಿನ ಹೊತ್ತಲ್ಲಿ ಇದು ಆಗದ ಮಾತು, ಅಲ್ವಾ? ಅದಕ್ಕೇ ಈಗ ರಾಜೀನಾಮೆ ಬೇಡ. ಮನೆಯಿಂದ ರಾತ್ರಿ ಮಾಡಬಹುದಾದ ಕೆಲಸ ಹುಡುಕಿ: ಕಂಪನಿ ತರಬೇತಿ ವಿಡಿಯೋ, ಫೋನ್ ಕರೆಗೆ ಕೇಳಿಸುವ ಧ್ವನಿಮುದ್ರಿತ ಸಂದೇಶ, ಆಡಿಯೋಬುಕ್. ದನಿಯ ಮಾದರಿಯಾಗಿ ಒಂದು ನಿಮಿಷದ ಡೆಮೊ ಸಾಕು, ಅದರಲ್ಲಿ ಮೊದಲ ಹತ್ತು ಸೆಕೆಂಡಿಗೇ ನಿಮ್ಮ ಅತ್ಯುತ್ತಮ ಓದು ಬರಲಿ. ಮೂರ್ನಾಲ್ಕು ಕಡೆಯಿಂದ ಮತ್ತೆ ಮತ್ತೆ ಕರೆ ಬಂದು, ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಕೂತ ಮೇಲೆ ನೌಕರಿ ಬಿಡುವ ಮಾತು.

ಮೊದಲ ಕೆಲಸ ಸಿಕ್ಕ ಖುಷಿಯಲ್ಲಿ ಕಾಗದ ಓದದೆ ಸಹಿ ಹಾಕಬೇಡಿ. ಈ ದನಿ ಎಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ ಅಂತ ಬರೆದಿರಬೇಕು. ಎಐಗೆ ಕಲಿಸಲು ಈ ದನಿ ಬಳಸುವಂತಿಲ್ಲ ಅನ್ನುವ ಸಾಲು ಇಲ್ಲದಿದ್ದರೆ ಸೇರಿಸಲು ಕೇಳಿ. ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐಯಿಂದ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ 2024ರಲ್ಲಿ ತಡೆ ಕೊಟ್ಟಿದೆ. ಅವರಿಗೆ ಕೋರ್ಟಿಗೆ ಹೋಗುವ ಹೆಸರು, ಶಕ್ತಿ ಎರಡೂ ಇತ್ತು. ಹೊಸಬರಿಗೆ ಆ ಒಂದು ಸಾಲೇ ಗಟ್ಟಿ ಆಧಾರ. ಕೊಡಲ್ಲ ಅಂದರೆ ಆ ಕೆಲಸ ಬಿಟ್ಟುಬಿಡಿ.