ಬೆಲ್ಟ್ ಕೊಳ್ಳುವ ಮುನ್ನ ನಾಯಿಯ ಕೊರಳು ಮುಟ್ಟಿ ನೋಡಿ

ನಾಯಿಯ ಕೊರಳಿನ ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಸವರಿ. ಚರ್ಮದ ಕೆಳಗೆ ಏಣಿಯ ಮೆಟ್ಟಿಲಿನಂತೆ ಒಂದರ ಕೆಳಗೊಂದು ಗಟ್ಟಿ ಉಂಗುರಗಳು ಸಿಗುತ್ತವೆ. ಅದು ಶ್ವಾಸನಾಳ. ಮೃದ್ವಸ್ಥಿಯ ಆ ಉಂಗುರಗಳು ಪೂರ್ತಿ ಉಂಗುರಗಳೂ ಅಲ್ಲ. ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಒಂದು ಕಡೆ ತೆರೆದಿರುತ್ತವೆ, ಆ ಸಂದಿಯನ್ನು ತೆಳ್ಳನೆಯ ಸ್ನಾಯುಪೊರೆ ಮುಚ್ಚಿರುತ್ತದೆ. ನಾಳದ ಮಗ್ಗುಲಲ್ಲೇ ಥೈರಾಯ್ಡ್ ಗ್ರಂಥಿ, ತಲೆಯಿಂದ ರಕ್ತ ಇಳಿಸುವ ಸಿರೆಗಳು, ಸ್ವಲ್ಪ ಮೇಲಕ್ಕೆ ಧ್ವನಿಪೆಟ್ಟಿಗೆ. ನಾವು ಬೆಲ್ಟ್ ಕಟ್ಟುವುದು ಇವೆಲ್ಲದರ ಮೇಲೆ. ಬಣ್ಣವನ್ನೂ ಬಕಲಿನ ಹೊಳಪನ್ನೂ ನೋಡಿ ಆರಿಸಿದವರಿಗೆ ಇದು ನೆನಪಾಗುವುದು ನಾಯಿ ಗೊರಗೊರ ಕೆಮ್ಮಲು ಶುರುಮಾಡಿದ ಮೇಲೆ.

ಕೊರಳಿಗೆ ಬೀಳುವ ಎಳೆತ ಎಷ್ಟು? 20 ಕಿಲೋ ತೂಕದ ನಾಯಿ ಬೆಕ್ಕನ್ನು ಕಂಡು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗಿತು ಎನ್ನಿ. ನಾಯಿಯ ಮಟ್ಟಿಗೆ ಇದು ಭಾರಿ ವೇಗವೇನಲ್ಲ. ಆ ಕ್ಷಣದಲ್ಲಿ ಅದರ ಚಲನಶಕ್ತಿ 250 ಜೂಲ್. ಹಗ್ಗ ಬಿಗಿದು 10 ಸೆಂಟಿಮೀಟರಿನೊಳಗೆ ನಾಯಿ ನಿಂತರೆ ಸರಾಸರಿ ಬಲ 2,500 ನ್ಯೂಟನ್. ಸುಮಾರು 250 ಕಿಲೋ ಭಾರ ಒಂದು ಗಳಿಗೆ ಕೊರಳಿಗೆ ಜೋತುಬಿದ್ದ ಹಾಗೆ. ಅದೇ ನಾಯಿ ಅರ್ಧ ಮೀಟರಿನಲ್ಲಿ ನಿಂತರೆ ಬಲ 500 ನ್ಯೂಟನ್‌ಗೆ ಇಳಿಯುತ್ತದೆ. ನಾಯಿ ಅದೇ, ವೇಗವೂ ಅದೇ. ಬದಲಾದದ್ದು ನಿಲ್ಲಲು ಸಿಕ್ಕ ಅಂತರ ಮಾತ್ರ. ಹಗ್ಗ ಹಿಡಿದವರ ತೋಳು ಮುಂದಕ್ಕೆ ಹೋಗುತ್ತದೆ, ಎರಡು ಹೆಜ್ಜೆ ತಡವರಿಸುತ್ತಾರೆ. ನೋಡುವವರಿಗೆ ನಗು ತರಿಸುವ ಆ ಎರಡು ಹೆಜ್ಜೆಯೇ ನಾಯಿಯ ಕೊರಳನ್ನು ಉಳಿಸುವುದು. ಕಂಬಕ್ಕೆ ಕಟ್ಟಿದ ಕಬ್ಬಿಣದ ಚೈನಿಗೆ ಅಂಥ ದಾಕ್ಷಿಣ್ಯವಿಲ್ಲ.

ಬಲ ಎಷ್ಟೇ ಇರಲಿ, ಅದು ಎಷ್ಟು ಜಾಗಕ್ಕೆ ಹಂಚಿಹೋಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಪಟ್ಟಿಯ ಅಗಲ ಇಮ್ಮಡಿಯಾದರೆ ಒತ್ತಡ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗೆಂದು ಅಗಲದ ಬೆಲ್ಟ್ ಹಾಕಿಬಿಟ್ಟರೆ ನಿಶ್ಚಿಂತೆ ಎನ್ನುವಂತಿಲ್ಲ. ಕೃತಕ ಕೊರಳಿನ ಮೇಲೆ ಬಗೆಬಗೆಯ ಬೆಲ್ಟುಗಳನ್ನು ಎಳೆದು ಅಳೆದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯಾವ ಬೆಲ್ಟೂ ಗಾಯದ ಅಪಾಯ ತಪ್ಪಿಸುವಷ್ಟು ಕಡಿಮೆ ಒತ್ತಡ ತೋರಿಸಲಿಲ್ಲ. 2006ರ ಮತ್ತೊಂದು ಅಧ್ಯಯನದಲ್ಲಿ ಬೆಲ್ಟಿನ ಮೇಲೆ ಎಳೆತ ಬಿದ್ದಾಗ ನಾಯಿಗಳ ಕಣ್ಣಿನೊಳಗಿನ ಒತ್ತಡ ಏರಿತ್ತು. ಕೊರಳಿನ ಬದಲು ಎದೆಗೂ ಹೆಗಲಿಗೂ ತೊಡಿಸುವ ಪಟ್ಟಿಗಳಾದ ಹಾರ್ನೆಸ್ ಹಾಕಿ ಎಳೆದಾಗ ಏರಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಕಾಯಿಲೆ ಇರುವ ನಾಯಿ, ಶ್ವಾಸನಾಳ ಕುಸಿಯುವ ತೊಂದರೆ ಕಂಡುಬರುವ ಪುಟ್ಟ ತಳಿಗಳು, ಚಪ್ಪಟೆ ಮುಖದ ಪಗ್‌ನಂಥವು — ಇವುಗಳ ಬೆಲ್ಟಿಗೆ ಹಗ್ಗ ಸಿಕ್ಕಿಸಲೇಬಾರದು. ಬೆಲ್ಟು ಹೆಸರಿನ ಬಿಲ್ಲೆ ಹೊರಲು, ಹಗ್ಗ ಹಾರ್ನೆಸ್ಸಿಗೆ: ಎಲ್ಲ ನಾಯಿಗಳಿಗೂ ಇದೇ ಲೇಸು. ಎಳೆದರೆ ಬಿಗಿಯುತ್ತಲೇ ಹೋಗುವ ಜೀರುಗುಣಿಕೆಯ ಚೈನು, ಒಳಮುಖ ಮುಳ್ಳಿನ ಪಟ್ಟಿ — ಇವುಗಳ ಬಗ್ಗೆ ಚರ್ಚೆಯೇ ಬೇಡ.

ಬೆಲ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಚಪ್ಪಟೆಯಾಗಿ ತೂರಬೇಕು. ತೀರ ಚಿಕ್ಕ ನಾಯಿಯಾದರೆ ಒಂದು. ದಟ್ಟ ಕೂದಲಿನ ನಾಯಿಯಾದರೆ ಕೂದಲು ಬಿಡಿಸಿ ಚರ್ಮದವರೆಗೆ ಬೆರಳು ಇಳಿಸಿಯೇ ನೋಡಬೇಕು. ಮರಿಗಳು ವಾರದಿಂದ ವಾರಕ್ಕೆ ಬೆಳೆಯುತ್ತವೆ, ಬೆಲ್ಟ್ ಬೆಳೆಯುವುದಿಲ್ಲ. ಮರೆತ ಬೆಲ್ಟು ಚರ್ಮ ಕೊಯ್ದು ಒಳಗಿಳಿದ ಮರಿಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ. ಗ್ರೇಹೌಂಡ್, ಸಲೂಕಿಯಂಥ ಬೇಟೆನಾಯಿಗಳ ತಲೆ ಕೊರಳಿಗಿಂತ ಸಣ್ಣದು, ಸಾಧಾರಣ ಬೆಲ್ಟ್ ಸಲೀಸಾಗಿ ಜಾರಿಹೋಗುತ್ತದೆ. ಅವಕ್ಕೆ ಮಾರ್ಟಿಂಗೇಲ್ ಎಂಬ ಪಟ್ಟಿ ಇದೆ: ಎಳೆದಾಗ ಒಂದು ಮಿತಿಯವರೆಗೆ ಬಿಗಿದು ಅಲ್ಲಿಗೆ ನಿಲ್ಲುತ್ತದೆ. ಪೂರ್ತಿ ಬಿಗಿದಾಗ ಅದರ ಸುತ್ತಳತೆ ಕಿವಿಯ ಹಿಂದಿನ ಕೊರಳಿನಷ್ಟೇ ಇರುವಂತೆ ಹೊಂದಿಸಬೇಕು. ಅದಕ್ಕಿಂತ ಚಿಕ್ಕದಾದರೆ ಉಸಿರು ಕಟ್ಟುತ್ತದೆ, ದೊಡ್ಡದಾದರೆ ತಲೆ ಹೊರಬರುತ್ತದೆ.

ಹಾರ್ನೆಸ್ ಆರಿಸಲು ನಾಯಿಯ ಹೆಗಲು ಹೇಗೆ ಕೂತಿದೆ ಎಂದು ತಿಳಿದಿರಬೇಕು. ನಮಗಿರುವಂಥ ಕಾಲರ್‌ಬೋನ್ ನಾಯಿಗಿಲ್ಲ. ಇದ್ದರೂ ಕುರುಹಿಗೆ ಮಾತ್ರ. ಮುಂಗಾಲನ್ನು ಮೈಗೆ ಜೋಡಿಸಿರುವುದು ಬರೀ ಸ್ನಾಯು, ಮೂಳೆಯ ಕೀಲಲ್ಲ. ಹೆಜ್ಜೆ ಇಟ್ಟಾಗಲೆಲ್ಲ ಹೆಗಲ ಹಲಗೆ ಪಕ್ಕೆಲುಬಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ನಡೆಯುವ ನಾಯಿಯ ಹೆಗಲ ಮೇಲೆ ಅಂಗೈ ಇಟ್ಟರೆ ಇದು ಕೈಗೇ ತಿಳಿಯುತ್ತದೆ. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಹಾದುಹೋಗುವ ಹಾರ್ನೆಸ್ ಈ ಜಾರಾಟದ ದಾರಿಗೇ ಅಡ್ಡ ಬರುತ್ತದೆ. ಮುಂದಿನಿಂದ ನೋಡಿದರೆ ‘ವೈ’ ಅಕ್ಷರದಂತೆ ಕಾಣುವುದು ಮೇಲು: ಪಟ್ಟಿಗಳು ಕೂಡುವ ಜಾಗ ಎದೆಮೂಳೆಯ ಮುಂತುದಿಯ ಮೇಲೆ ಕೂರಬೇಕು, ಅಲ್ಲಿಂದ ಒಂದು ಪಟ್ಟಿ ಮುಂಗಾಲುಗಳ ನಡುವೆ ಹಿಂದಕ್ಕೆ ಹೋಗಬೇಕು, ಹೊಟ್ಟೆಪಟ್ಟಿ ಕಂಕುಳಿಗಿಂತ ಎರಡು ಮೂರು ಬೆರಳು ಹಿಂದೆ ಇರಬೇಕು. ಆದರೂ ‘ಹೆಗಲಿಗೆ ಅಡ್ಡಿಯೇ ಇಲ್ಲ’ ಎಂಬ ಜಾಹೀರಾತನ್ನು ಪೂರ್ತಿ ನಂಬಬೇಡಿ. 2019ರಲ್ಲಿ ನಾಯಿಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಅಳೆದಾಗ ಎರಡೂ ಬಗೆಯ ಹಾರ್ನೆಸ್‌ಗಳಲ್ಲಿ ಹೆಗಲು ಮುಂದಕ್ಕೆ ಚಾಚುವ ಕೋನ ಕಡಿಮೆಯಾಗಿತ್ತು. ಮನೆಗೆ ಬಂದ ಕೂಡಲೇ ಬಿಚ್ಚಿಬಿಡುವುದು ಒಳ್ಳೆಯದು.

ಅಳತೆ ತೆಗೆಯುವಾಗ ತೂಕವನ್ನು ನೆಚ್ಚಬೇಡಿ. 12 ಕಿಲೋದ ಎರಡು ನಾಯಿಗಳಲ್ಲಿ ಒಂದು ಪೀಪಾಯಿಯಂತೆ, ಇನ್ನೊಂದು ಕಡ್ಡಿಯಂತೆ ಇರಬಹುದು. ಕೊರಳಿನ ಬುಡ ಮತ್ತು ಮುಂಗಾಲಿನ ಹಿಂದೆ ಎದೆ ಅತಿ ದಪ್ಪಗಿರುವ ಜಾಗ, ಇವೆರಡರ ಸುತ್ತಳತೆ ಬೇಕು. ತೊಡಿಸಿದ ಮೇಲೆ ನಾಯಿಯ ಎದುರು ನಿಂತು ಹಗ್ಗವನ್ನು ಮೆಲ್ಲಗೆ ನಿಮ್ಮತ್ತ ಎಳೆಯಿರಿ. ಹೆದರಿದ ನಾಯಿ ತಪ್ಪಿಸಿಕೊಳ್ಳುವುದು ಮುಂದಕ್ಕೆ ನುಗ್ಗಿಯಲ್ಲ, ಹಿಂದಕ್ಕೆ ಸರಿದು. ಮೊಣಕೈ ಹೊರಬಂತೆಂದರೆ ಹಾರ್ನೆಸ್ ಸಡಿಲ. ಬಿಗಿಯಾದದ್ದನ್ನು ಕಂಕುಳು ಹೇಳುತ್ತದೆ: ಮೊದಲು ಕೂದಲು ತುಂಡಾಗುತ್ತದೆ, ಚರ್ಮ ಕೆಂಪಾಗುವುದು ಆಮೇಲೆ.

ಹಗ್ಗ ಒಂದೂವರೆಯಿಂದ ಎರಡು ಮೀಟರ್ ಇದ್ದರೆ ದಿನದ ಓಡಾಟಕ್ಕೆ ಸಾಕು. ಡಬ್ಬಿಯೊಳಗೆ ಸುತ್ತಿಕೊಳ್ಳುವ ಹಗ್ಗ ನೋಡಲು ಅನುಕೂಲವೆನಿಸುತ್ತದೆ, ಆದರೆ ಮೇಲಿನ ಲೆಕ್ಕವನ್ನು ಅದಕ್ಕೆ ಹಚ್ಚಿ ನೋಡಿ. 5 ಮೀಟರ್ ಬಿಟ್ಟುಕೊಟ್ಟರೆ ನಾಯಿಗೆ ಒಳ್ಳೆಯ ವೇಗ ಹಿಡಿಯಲು ಜಾಗ ಸಿಗುತ್ತದೆ. ಬ್ರೇಕ್ ಬಿದ್ದಾಗ ಎಲ್ಲವೂ ಒಂದೇ ಜಗ್ಗಿಗೆ ಮುಗಿಯುತ್ತದೆ. ತೆಳ್ಳನೆಯ ದಾರ ಬೆರಳಿಗೆ ಸುತ್ತಿಕೊಂಡರೆ ಬೆರಳೇ ಹೋದ ಉದಾಹರಣೆಗಳಿವೆ. ಸ್ಪ್ರಿಂಗಿನಿಂದ ಹಗ್ಗ ಸದಾ ಬಿಗಿಯಾಗಿಯೇ ಇರುವುದರಿಂದ, ಎಳೆದಷ್ಟೂ ದಾರಿ ಸಿಗುತ್ತದೆ ಎಂಬ ಪಾಠವನ್ನೂ ನಾಯಿ ಕಲಿಯುತ್ತದೆ. ಯಾವ ಹಗ್ಗವಾದರೂ ಅಂಗೈಗೆ ಸುತ್ತಿಕೊಳ್ಳಬೇಡಿ. ಕೊಂಡಿಯನ್ನು ಕಣ್ಣಿನಿಂದಲ್ಲ, ಕಿವಿಯಿಂದ ಪರೀಕ್ಷಿಸಿ: ಒತ್ತಿ ಬಿಟ್ಟರೆ ಟಕ್ಕೆಂದು ಕೂರಬೇಕು. ಮರಳು ಹೊಕ್ಕ ಸ್ಪ್ರಿಂಗ್ ಅರ್ಧಕ್ಕೇ ನಿಲ್ಲುತ್ತದೆ, ನಡು ರಸ್ತೆಯಲ್ಲಿ ಕಳಚಿಕೊಳ್ಳುವುದು ಇಂಥದ್ದೇ. ಮೂರು ಕಿಲೋದ ನಾಯಿಗೆ ಅಂಗೈಯಗಲದ ಕೊಂಡಿಯ ಹಗ್ಗ ಹಾಕಿದರೆ, ಆ ಲೋಹದ ತುಂಡು ಹೆಜ್ಜೆಹೆಜ್ಜೆಗೂ ಅದರ ಬೆನ್ನಿಗೆ ಬಡಿಯುತ್ತಿರುತ್ತದೆ.

ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್ ಇದೆಯೆಂದು ಬಿಲ್ಲೆ ಬಿಡುವವರಿದ್ದಾರೆ. ಮೈಕ್ರೋಚಿಪ್ ಒಳಗೆ ಬ್ಯಾಟರಿ ಇಲ್ಲ, ನಾಯಿ ಎಲ್ಲಿದೆ ಎಂದು ಅದು ಹೇಳುವುದೂ ಇಲ್ಲ. 134.2 ಕಿಲೋಹರ್ಟ್ಸ್‌ನ ರೀಡರ್ ಹತ್ತಿರ ಹಿಡಿದಾಗ 15 ಅಂಕಿಯ ಒಂದು ಸಂಖ್ಯೆ ತೋರಿಸುತ್ತದೆ, ಅಷ್ಟೇ. ದಾರಿಯಲ್ಲಿ ನಾಯಿ ಸಿಕ್ಕವರ ಬಳಿ ರೀಡರ್ ಇರುವುದಿಲ್ಲ, ಬಿಲ್ಲೆಯ ಮೇಲಿನ ನಂಬರಿಗೆ ಕರೆ ಮಾಡಲು ಫೋನಿರುತ್ತದೆ.

ಇನ್ನು ಕಚ್ಚದಂತೆ ಮೂತಿಗೆ ತೊಡಿಸುವ ಬಾಯಿಕುಕ್ಕೆ. ನಾಯಿಯ ಬೆವರುಗ್ರಂಥಿ ಕೆಲಸಕ್ಕೆ ಬರುವುದು ಪಾದದಲ್ಲಿ ಮಾತ್ರ, ಅದೂ ಅತ್ಯಲ್ಪ. ಮೈ ತಂಪಾಗಲು ಅದು ಬಾಯಿ ತೆರೆದು, ನಾಲಿಗೆ ಚಾಚಿ ತೇಕಲೇಬೇಕು. ಬಟ್ಟೆಯ ಕುಕ್ಕೆ ಬಾಯನ್ನೇ ಮುಚ್ಚಿಬಿಡುತ್ತದೆ. ವೈದ್ಯರ ಮೇಜಿನ ಮೇಲೆ ನಾಲ್ಕಾರು ನಿಮಿಷಕ್ಕೆ ಅದು ಸರಿ. ಅದನ್ನೇ ಹಾಕಿ ಬಿಸಿಲಲ್ಲಿ ನಡೆಸಿದರೆ, ಮೊದಲೇ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುವ ಮೈಬಿಸಿ ಬೇಗನೆ ಅಪಾಯದ ಮಟ್ಟ ಮುಟ್ಟುತ್ತದೆ. ಬುಟ್ಟಿಯಂಥ ಕುಕ್ಕೆ ಬೇಕು. ಮೂತಿಯ ಸುತ್ತಳತೆಯನ್ನು ಬಾಯಿ ಮುಚ್ಚಿದಾಗ ಅಲ್ಲ, ನಾಯಿ ತೇಕುತ್ತಿರುವಾಗ ತೆಗೆಯಿರಿ. ಮೂಗಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು, ಕಣ್ಣಿಗೆ ಅಂಚು ತಾಗಬಾರದು. ಮೊದಲ ಕೆಲವು ದಿನ ಪಟ್ಟಿ ಕಟ್ಟುವುದೇ ಬೇಡ. ಕುಕ್ಕೆಯೊಳಗೆ ತಿಂಡಿ ಇಟ್ಟು ಹಿಡಿದರೆ ನಾಯಿ ತಾನಾಗಿ ಮೂತಿ ತೂರಿಸುತ್ತದೆ.

ತಟ್ಟೆಯ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಸ್ಟೀಲು ಸಾಕು, ಪ್ಲಾಸ್ಟಿಕ್‌ನ ಗೀರುಗಳಲ್ಲಿ ಕೂತ ಲೋಳೆ ಉಜ್ಜಿದರೂ ಹೋಗುವುದಿಲ್ಲ. ದೊಡ್ಡ ನಾಯಿಗೆ ಎತ್ತರದ ಸ್ಟ್ಯಾಂಡ್ ಒಳ್ಳೆಯದು ಎಂಬ ಮಾತು ಮಾತ್ರ ಅನುಮಾನಾಸ್ಪದ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎತ್ತರದ ತಟ್ಟೆಯಲ್ಲಿ ತಿನ್ನುವ ದೊಡ್ಡ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಮಾರಕ ತೊಂದರೆ ಹೆಚ್ಚಾಗಿಯೇ ಕಂಡಿತ್ತು.

ಆಟಿಕೆಗಳಲ್ಲಿ ನಾವು ಮರುಳಾಗುವುದು ಕೆಂಪು ಬಣ್ಣಕ್ಕೆ. ನಾಯಿಯ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ. ಒಂದು 429 ನ್ಯಾನೋಮೀಟರ್ ಸುತ್ತಮುತ್ತಲ ನೀಲಿಗೆ, ಇನ್ನೊಂದು 555ರ ಸುತ್ತಮುತ್ತಲ ಹಸಿರು-ಹಳದಿಗೆ ಹೆಚ್ಚು ಸ್ಪಂದಿಸುತ್ತದೆ. ಇದು 1989ರಲ್ಲೇ ಗೊತ್ತಾದ ಸಂಗತಿ. ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡು ಅದಕ್ಕೆ ಹುಲ್ಲಿನದೇ ಬಣ್ಣದ ಇನ್ನೊಂದು ಛಾಯೆ, ಮೂಸಿ ಹುಡುಕಬೇಕು. ನೀಲಿ ಚೆಂಡು ಎದ್ದು ಕಾಣುತ್ತದೆ. ಚೆಂಡು ನಾಯಿಯ ಬಾಯೊಳಗೆ ಪೂರ್ತಿ ಇಳಿಯದಷ್ಟು ದೊಡ್ಡದಿರಲಿ. ಟೊಳ್ಳು ಆಟಿಕೆಗೆ ಒಂದೇ ತೂತಿದ್ದರೆ ಗಾಳಿ ಹೀರಿ ನಾಲಿಗೆ ಅದರೊಳಗೆ ಸಿಕ್ಕಿಬೀಳಬಹುದು. ಎರಡು ತೂತು ಬೇಕು.

ಗಟ್ಟಿ ಇದ್ದಷ್ಟೂ ಬಾಳಿಕೆ ಎಂದು ಜಿಂಕೆಕೊಂಬು, ಗೊರಸು ಕೊಡುವುದುಂಟು. ಬಾಳಿಕೆ ಬರುವುದು ಕೊಂಬು, ಹಲ್ಲಲ್ಲ. ನಾಯಿಹಲ್ಲಿನ ಎನಾಮಲ್ ಒಂದು ಮಿಲಿಮೀಟರಿಗಿಂತ ತೆಳು. ಮೇಲ್ದವಡೆಯ ನಾಲ್ಕನೇ ಮುಂದವಡೆ ಹಲ್ಲು, ಅಗಿಯುವ ಭಾರ ಹೊರುವುದರಿಂದ, ಸೀಳಿ ಚಕ್ಕೆ ಏಳುತ್ತದೆ. ಹೆಬ್ಬೆರಳ ಉಗುರನ್ನು ಒತ್ತಿದರೆ ಗುರುತು ಮೂಡುವಷ್ಟು ಮೆದುವಾಗಿರುವುದನ್ನೇ ಕೊಡಿ.

ಹಗ್ಗದ ಆಟಿಕೆ ಜಗ್ಗಾಡಲು ಚೆನ್ನ, ಅಗಿಯಲು ಬಿಟ್ಟುಹೋಗಲು ಅಲ್ಲ. ಬಿಚ್ಚಿದ ನೂಲನ್ನು ನುಂಗಿದಾಗ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರ ಕರುಳಿಗೆ ತೆರೆಯುವ ಬಾಯಲ್ಲೋ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಮುಂದಕ್ಕೆ ಸಾಗುತ್ತದೆ. ಕರುಳು ಅದನ್ನು ತಳ್ಳುತ್ತಾ ಹೋದಂತೆ, ಲಾಡಿ ಎಳೆದ ಪಾಯಿಜಾಮದ ಹಾಗೆ ತಾನೇ ನೆರಿಗೆಗಟ್ಟುತ್ತದೆ, ಬಿಗಿದ ನೂಲು ಕರುಳಿನ ಗೋಡೆಯನ್ನು ಗರಗಸದಂತೆ ಕೊಯ್ಯುತ್ತದೆ. ಹಿಂಬದಿಯಿಂದ ನೂಲಿನ ತುದಿ ಜೋತಾಡುತ್ತಿದ್ದರೆ ಎಳೆಯಬೇಡಿ. ಹಾಗೇ ಬಿಟ್ಟು ವೈದ್ಯರ ಬಳಿ ಕರೆದೊಯ್ಯಿರಿ.